ನೆರಳುಬಡಿತ

ಒಬ್ಬ ಮನುಷ್ಯನ ಎದೆಯಲ್ಲಿ ಬಡಿಯುವುದು ಅವನದೇ ಹೃದಯ ಎಂಬುದನ್ನು ಅಲ್ಲಿಯವರೆಗೆ ಯಾರೂ ಸಂಶಯಿಸಿರಲಿಲ್ಲ. ಸಂಶಯಿಸಲು ಕಾರಣವೂ ಇರಲಿಲ್ಲ. ದೇವರು ಒಬ್ಬೊಬ್ಬರಿಗೆ ಒಂದೊಂದು ಹೃದಯ ಕೊಟ್ಟು ಕಳಿಸಿದ್ದಾನೆ, ಅದು ನಡೆಯುವಷ್ಟು ದಿನ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ ಎಂದು ಎಲ್ಲರೂ ನಂಬಿದ್ದರು.

ಆ ನಂಬಿಕೆ ಮುರಿದದ್ದು ಧಾರವಾಡದ ಹೊರಗೆ, ಹುಬ್ಬಳ್ಳಿಯ ದಾರಿಯಲ್ಲಿದ್ದ ಒಂದು ಚಿಕ್ಕ ಸಂಶೋಧನಾಲಯದಲ್ಲಿ. ಡಾಕ್ಟರ್ ಇಂದುಮತಿ ಕಟಗಿಹಳ್ಳಿ ಎಂಬವರು ಅಲ್ಲಿ ಹೃದಯದ ಕಾಂತಶಕ್ತಿಯನ್ನು ಅಳೆಯುತ್ತಿದ್ದರು. ಹೃದಯ ಬಡಿದಾಗಲೆಲ್ಲ ಎದೆಯ ಹೊರಗೆ ಅತಿ ಕ್ಷೀಣವಾದ ಕಾಂತದ ಅಲೆಯೊಂದು ಹುಟ್ಟಿ ಅಳಿಯುತ್ತದೆ. ಭೂಮಿಯ ಕಾಂತಶಕ್ತಿಯ ಮುಂದೆ ಅದು ಸಂತೆಯ ಗದ್ದಲದಲ್ಲಿ ಹಸುಗೂಸಿನ ಉಸಿರಿದ್ದಂತೆ. ಆ ಗದ್ದಲ ಒಳಗೆ ಬರದಿರಲೆಂದು ಒಂದು ಕೋಣೆಯ ನೆಲ, ಗೋಡೆ, ಮೇಲ್ಛಾವಣಿಗಳಿಗೆ ವಿಶೇಷ ಲೋಹದ ತಗಡು ಹೊದಿಸಿದ್ದರು. ನಡುವೆ ಒಂದು ಮರದ ಕುರ್ಚಿ. ಅದರಲ್ಲಿ ಕುಳಿತವರ ಎದೆಯ ಮುಂದೆ, ಮೈಗೆ ತಗಲದಂತೆ, ಯಂತ್ರದ ಹಲಗೆ ನಿಲ್ಲುತ್ತಿತ್ತು. ಪಕ್ಕದ ಕೋಣೆಯ ಪರದೆಯ ಮೇಲೆ ಬಡಿತದ ಗೆರೆ ಓಡುತ್ತಿತ್ತು.

ಒಂದು ದಿನ ಇಂದುಮತಿ ಒಬ್ಬ ನಿವೃತ್ತ ಶಿಕ್ಷಕರ ಬಡಿತವನ್ನು ಲೆಕ್ಕ ಹಾಕಿ ಗೆರೆಯಿಂದ ಕಳೆದರು. ಉಳಿಯುವುದು ಬರಿಯ ಸಪಾಟು ಗೆರೆಯಾಗಬೇಕಿತ್ತು. ಆದರೆ ಅಲ್ಲಿ ಇನ್ನೊಂದು ಬಡಿತವಿತ್ತು. ಬಹಳ ಸಣ್ಣದು, ಬೇರೆಯದೇ ಲಯದ್ದು. ಯಂತ್ರದ ದೋಷವೆಂದು ತಂತಿ ಬದಲಿಸಿದರು. ಪಕ್ಕದ ಕೋಣೆಯವರದ್ದಿರಬೇಕೆಂದು ಕಟ್ಟಡವನ್ನೇ ಖಾಲಿ ಮಾಡಿಸಿದರು. ಬಡಿತ ಹೋಗಲಿಲ್ಲ. ಕೊನೆಗೆ ಹಿಂದೆ ಅಳೆದಿಟ್ಟ ಎಲ್ಲರ ಗೆರೆಗಳ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದಾಗ ಅದು ವಿಜಯಪುರದ ಒಬ್ಬ ಹೆಣ್ಣುಮಗಳ ಹೃದಯದ ಬಡಿತವೆಂದು ತಿಳಿಯಿತು. ಆಕೆಯ ಗೆರೆ ತೆಗೆದು ನೋಡಿದರೆ ಅದರಲ್ಲಿ ಈ ಶಿಕ್ಷಕರ ಬಡಿತ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ಹೆಸರು ಕೇಳಿದವರೂ ಅಲ್ಲ. ಇಂದುಮತಿ ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಇದಕ್ಕೆ ಅವರು ನೆರಳುಬಡಿತ ಎಂದು ಹೆಸರಿಟ್ಟರು. ಸಾವಿರ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುತ್ತಿತ್ತು. ಹೇಗೆ ಬರುತ್ತದೆ, ಯಾಕೆ ಬರುತ್ತದೆ ಎಂಬುದಕ್ಕೆ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದರೂ ಸುದ್ದಿ ನಿಲ್ಲುತ್ತದೆಯೇ? ವರ್ಷದೊಳಗೆ ಹೆಣ್ಣು ನೋಡಲು ಹೋದವರು ಜಾತಕದ ಜೊತೆಗೆ ನೆರಳಿನ ಪರೀಕ್ಷೆಯ ಕಾಗದವನ್ನೂ ಕೇಳತೊಡಗಿದರು. ಗದಗದ ಒಬ್ಬ ತರುಣ ಬಸ್ ಕಂಡಕ್ಟರನ ಜೋಡಿ ಎಂಬತ್ತು ದಾಟಿದ ಒಬ್ಬ ಅಜ್ಜಿಯೆಂದು ತಿಳಿದು ಊರೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ಇರುವಷ್ಟು ದಿನ ಅವನಿಗೆ ಉಂಡಿ ಕಟ್ಟಿ ಕಳಿಸಿದಳು. ಆಕೆ ತೀರಿಕೊಂಡ ದಿನ ಹುಡುಗ ಬಸ್ಸಿನಲ್ಲೇ ಕುಸಿದು ಕುಳಿತ. ಆಮೇಲೆ ಎದ್ದು ಟಿಕೆಟ್ ಕೊಡುವುದನ್ನು ಮುಂದುವರಿಸಿದ. ರಜೆ ಕೇಳೋಣವೆಂದರೆ ಸತ್ತವಳು ತನಗೆ ಏನಾಗಬೇಕೆಂದು ಬರೆಯುವುದು ಅವನಿಗೆ ತಿಳಿಯಲಿಲ್ಲ.

ಆದರೆ ಸಂಶೋಧನಾಲಯದ ಬಾಗಿಲಿಗೆ ಎಲ್ಲರಿಗಿಂತ ಹೆಚ್ಚು ಬಂದವರು ಹೆಂಡತಿಯನ್ನೋ ಗಂಡನನ್ನೋ ಕಳೆದುಕೊಂಡವರು. ಅವರು ಕೇಳುತ್ತಿದ್ದುದು ಒಂದೇ ಮಾತು. ಇನ್ನೂ ಇದೆಯೇನು ನೋಡಿ ಎಂದು. ಇಂದುಮತಿ ನೋಡಿ, ಇಲ್ಲ ಎನ್ನಬೇಕಾಗುತ್ತಿತ್ತು. ಸತ್ತವರ ನೆರಳು ಉಳಿಯುವುದಿಲ್ಲ. ಕೆಲವರು ಆ ಮಾತು ಕೇಳಿದ ಮೇಲೂ ಕುರ್ಚಿಯಿಂದ ಏಳುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನೀಲಾಂಬಿಕೆಯನ್ನು ಕರೆಸಲಾಯಿತು.

ನೀಲಾಂಬಿಕೆ ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಹದಿಮೂರು ವರ್ಷದಿಂದ ಇದ್ದ ಹೆಂಗಸು. ಐವತ್ತು ದಾಟಿದ ವಯಸ್ಸು. ಮಕ್ಕಳಿರಲಿಲ್ಲ. ಗಂಡನನ್ನು ಬಿಟ್ಟು ಬಂದವಳು ಎಂದು ಕೆಲವರು ಹೇಳುತ್ತಿದ್ದರು, ಗಂಡನೇ ಕಳಿಸಿಕೊಟ್ಟ ಎಂದು ಕೆಲವರು. ಬೆಳಗಿನ ಆರು ಗಂಟೆಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಆಕೆ ಕುಳಿತರೆ ಮೈ ಕಲ್ಲಾಗುತ್ತಿತ್ತು. ಅಂಗೈಯ ಲಿಂಗ ಎಳ್ಳಷ್ಟೂ ಅಲುಗುತ್ತಿರಲಿಲ್ಲ. ಆಶ್ರಮದ ಹೆಂಗಸರು ಆ ಹೊತ್ತಿಗೆ ಬಂದು ದೂರ ಕುಳಿತು ಕೈಮುಗಿಯುತ್ತಿದ್ದರು. ಧ್ಯಾನದಲ್ಲಿರುವವರ ಹೃದಯ ಹೇಗಿರುತ್ತದೆಂದು ನೋಡುವ ಆಸೆ ಇಂದುಮತಿಗೆ.

"ನಿಮ್ಮ ಯಂತ್ರಕ್ಕ ಸೂಜಿ ಗೀಜಿ ಏನಿಲ್ಲಲ್ರಿ?" ಎಂದು ನೀಲಾಂಬಿಕೆ ಕೇಳಿದಳು.

"ಇಲ್ರಿ ಅಕ್ಕಾರ. ಮುಟ್ಟೂದೂ ಇಲ್ಲ."

"ಹಂಗಿದ್ರ ಅದಕ್ಕೂ ಮಡಿ ಐತಿ ಅನ್ರಿ" ಎಂದು ನಕ್ಕು ಕುಳಿತಳು.

ಆರು ಗಂಟೆ ಕಳೆದು ತುಸು ಹೊತ್ತಿಗೆ ಪರದೆಯ ಗೆರೆ ಸಪಾಟಾಯಿತು. ಇಂದುಮತಿ ಮೊದಲು ತಂತಿ ಕಳಚಿದೆಯೆಂದುಕೊಂಡರು. ಕಳಚಿರಲಿಲ್ಲ. ಕಿಟಕಿಯ ಗಾಜಿನಾಚೆ ಆಕೆ ನೆಟ್ಟಗೆ ಕುಳಿತಿದ್ದಳು, ಮುಖದಲ್ಲಿ ನೋವಿನ ಒಂದು ಗೆರೆಯಿಲ್ಲ, ಹೃದಯ ಮಾತ್ರ ನಿಂತಿತ್ತು. ಇಂದುಮತಿ ಬಾಗಿಲಿಗೆ ಓಡುವಷ್ಟರಲ್ಲಿ ಗೆರೆ ಮತ್ತೆ ಎದ್ದಿತು.

ಅದಕ್ಕಿಂತ ದೊಡ್ಡ ಆಘಾತ ಮಧ್ಯಾಹ್ನ ಕಾದಿತ್ತು. ನೀಲಾಂಬಿಕೆಯ ಎದೆಯಲ್ಲಿ ನೆರಳುಬಡಿತವಿತ್ತು. ಅದೂ ಮತ್ತೆ ಯಾರಲ್ಲೂ ಕಾಣದಷ್ಟು ಸ್ಪಷ್ಟವಾಗಿ. ಹಿಂದಿನ ವರ್ಷ ರೈಲ್ವೆ ಪಿಂಚಣಿದಾರರ ಆರೋಗ್ಯ ಶಿಬಿರದಲ್ಲಿ ಅಳೆದ ಒಂದು ಗೆರೆಗೆ ಅದು ಹೊಂದಿತು.

"ಹುಬ್ಬಳ್ಳಿಯವರು. ರೈಲು ಡ್ರೈವರ್ ಆಗಿದ್ದವರು. ಹೆಸರು ಮಹಾರುದ್ರಪ್ಪ ಕವಳಿಕಾಯಿ ಅಂತ" ಎಂದರು ಇಂದುಮತಿ.

ನೀಲಾಂಬಿಕೆ ಸೆರಗನ್ನು ಎಳೆದುಕೊಂಡು, "ಅವರು ನಮ್ಮ ಮನಿಯವರು" ಎಂದಳು.

ಅಲ್ಲಿಯವರೆಗೆ ಸಿಕ್ಕ ಜೋಡಿಗಳೆಲ್ಲ ಪರಿಚಯವಿಲ್ಲದವರು. ಗಂಡಹೆಂಡತಿ ಆಗಿ ಬಂದವರು ಇವರೊಬ್ಬರೇ. ಇಂದುಮತಿಗೆ ಸಂತೋಷವೇ ಆಯಿತು. ಆದರೆ ಎದುರು ಕುಳಿತವಳ ಮುಖ ಬಿಳಿಚಿಕೊಂಡಿತ್ತು.

"ಮದುವಿ ಆದ ವರ್ಷದಿಂದಽ ನನಗ ಇದು ಗೊತ್ತೈತ್ರಿ" ಎಂದಳು. "ಅವರ ಗಾಡಿ ಸಿಗ್ನಲ್‌ಗೆ ನಿಂತು ಅವರಿಗೆ ಸಿಟ್ಟು ಬಂದ್ರ ಮನಿಯಾಗ ಒಲಿ ಮುಂದ ನನ್ನ ಎದಿ ಬಡಕೋತಿತ್ತು. ಇವತ್ತ ಸಂಜಿಗೆ ಬರ್ತೀರಿ ಅಂತ ಗೊತ್ತಾಗಿತ್ತು ನನಗ ಅಂದ್ರ, ಅದು ನಿನ್ನ ಎದಿ ಅಲ್ಲ, ಟೈಮ್‌ಟೇಬಲ್ ಅಂತ ನಗತಿದ್ರು. ಒಳ್ಳೆ ಮನಷ್ಯಾ. ಒಂದು ದಿನ ಕೈ ಎತ್ತಿದವರಲ್ಲ. ಆದ್ರ ನನಗ ಉಸುರು ಕಟ್ಟತಿತ್ತು. ನಗು ಬಂದ್ರ ಇದು ನಂದೋ ಅವರದೋ ತಿಳೀತಿದ್ದಿಲ್ಲ. ಅಳು ಬಂದ್ರೂ ಹಂಗಽ. ನನ್ನದು ಅನ್ನೂದು ಏನರ ಒಂದು ಬೇಕಾಗಿತ್ತು. ಅದಕ್ಕ ಬಿಟ್ಟು ಬಂದೆ. ಆಶ್ರಮಕ್ಕ ಬಂದ ಮ್ಯಾಲೆ ಪೂಜಿಯೊಳಗ ಆ ಸುಮ್ಮನ ಆಗೂದು ಸಿಕ್ತು. ಅಲ್ಲಿ ಅವರಿಲ್ಲ, ನಾನೂ ಇಲ್ಲ. ಶಿವಾ ಒಬ್ಬಾಂವ."

ಮರುದಿನ ನಸುಕಿನಲ್ಲೇ ಇಂದುಮತಿ ಹುಬ್ಬಳ್ಳಿಗೆ ಹೋದರು. ಬಾಗಿಲು ತೆರೆದವಳು ಮಹಾರುದ್ರಪ್ಪನ ತಂಗಿ ಶಿವಗಂಗವ್ವ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದಳು.

"ಅಣ್ಣ ಹಿತ್ತಲದಾಗ ಅದಾನ್ರಿ. ಈಗ ಮಾತಾಡಸಬ್ಯಾಡ್ರಿ. ಅಂವನ ಗಾಡಿ ದಿನಾ ಈ ಹೊತ್ತಿಗೆ ಒಂದು ಸ್ಟೇಷನ್‌ದಾಗ ನಿಲ್ತೈತಿ. ಯಾವ ಸ್ಟೇಷನ್ ಅಂತ ಕೇಳಿದ್ರ ಹೇಳಂಗಿಲ್ಲ. ನನಗ ಚಹಾ ಕುಡಿಯಾಕೂ ಬಿಡಂಗಿಲ್ಲ, ಮುಗೀಲಿ ತಡಿ ಅಂತಾನ. ಏನು ಮುಗೀಬೇಕೋ ಅವನ ತಲಿ."

ಹಿತ್ತಲಲ್ಲಿ ಕರಿಬೇವಿನ ಗಿಡದ ಬದಿಗೆ ಒಬ್ಬ ದಪ್ಪ ಮೀಸೆಯ ಮನುಷ್ಯ ಗೋಡೆಗೆ ಒರಗಿ ಕುಳಿತಿದ್ದ. ಕಣ್ಣು ಮುಚ್ಚಿದ್ದ. ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟು, ಹಾಗೇ ಹಿಡಿದ. ಸ್ವಲ್ಪ ಹೊತ್ತಿಗೆ ಅವನ ತಲೆ ಒಂದು ಕಡೆಗೆ ವಾಲಿತು. ಇಂದುಮತಿ ಹತ್ತಿರ ಹೋಗಿ ಮಣಿಕಟ್ಟು ಹಿಡಿದರು. ನಾಡಿ ಇರಲಿಲ್ಲ. ಕುತ್ತಿಗೆ ಮುಟ್ಟಿ ನೋಡಿದರು. ಅಲ್ಲಿಯೂ ಇಲ್ಲ. ತುಟಿ ನೀಲಿಯಾಗುತ್ತಿತ್ತು. ಅವರು ಅವನನ್ನು ನೆಲಕ್ಕೆ ಮಲಗಿಸಲು ತೋಳು ಹಿಡಿದರೋ ಇಲ್ಲವೋ, ಎದೆ ಒಮ್ಮೆ ಜಗ್ಗಿತು, ನಾಡಿ ಬಂತು.

ಮಹಾರುದ್ರಪ್ಪ ಕಣ್ಣು ತೆರೆದು, ತನ್ನ ಕೈ ಹಿಡಿದಿದ್ದ ಗುರುತಿಲ್ಲದ ಹೆಂಗಸನ್ನು ನೋಡಿದ. ಗಾಬರಿಯಾಗಲಿಲ್ಲ.

"ಆತು. ಪೂಜಿ ಮುಗೀತು. ಗಂಗಾ, ಚಹಾ ಇಡು" ಎಂದ.

"ಯಾರ ಪೂಜೆ?" ಎಂದರು ಇಂದುಮತಿ.

ಅವನು ಹೇಳಲು ಸಂಕೋಚಪಟ್ಟ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದ. ಲಿಂಗಪೂಜೆಯಾಗದೆ ನೀಲಾಂಬಿಕೆ ಹನಿ ನೀರು ಮುಟ್ಟುವವಳಲ್ಲ. ಆಕೆ ಮನೆಯಲ್ಲಿದ್ದಾಗ ಅವಳ ಪೂಜೆ ಮುಗಿಯುವವರೆಗೆ ತಾನೂ ಚಹಾ ಕುಡಿಯದೆ ಬಾಗಿಲಲ್ಲಿ ಕೂಡುತ್ತಿದ್ದ. ಆಕೆ ಹೋದ ಮೇಲೆ ಆ ರೂಢಿ ಬಿಡಲಾಗಲಿಲ್ಲ. ಆರು ಗಂಟೆಗೆ ಕೂಡುತ್ತ ಬಂದ. ಆಕೆಯ ಪೂಜೆಗೆ ಕಿವಿಗೊಟ್ಟವನಂತೆ ಉಸಿರು ಹಿಡಿದು ಕುಳಿತಿದ್ದಾಗ ಒಂದು ದಿನ ಎದೆ ಸುಮ್ಮನಾಯಿತು.

"ಅಂಥಾ ಸುಮ್ಮ ನಾನು ಹುಟ್ಟಿದ ಮ್ಯಾಲೆ ಕಂಡಿದ್ದಿಲ್ರಿ. ಗೊತ್ತಾತು, ನೀಲಾ ಪೂಜಿಗೆ ಕುಂತಾಳ ಅಂತ. ಅಕೀದು ಇಲ್ಲೀ ತನಕಾ ಬರ್ತೈತಿ. ದಿನಾ ಬರ್ತೈತಿ. ಗಾಡಿ ಓಡಸೂವಾಗ ಬಂದ್ರ ನೂರಾರು ಮಂದಿ ಜೀವದ ಮಾತು ಅಂತ ಡ್ರೈವರ್ ಕೆಲಸಾ ಬಿಟ್ಟು ಶೆಡ್ಡಿನ್ಯಾಗ ಕೂಡೂ ಕೆಲಸಾ ಹಾಕಿಸ್ಕೊಂಡೆ. ಯಾರಿಗೂ ಹೇಳಿಲ್ಲ. ಹೇಳಿದ್ರ ಡಾಕ್ಟರು ಔಷಧ ಕೊಟ್ಟು ನಿಲ್ಲಸ್ತಿದ್ರು."

"ಅಣ್ಣಾ, ಹೋದ ತಿಂಗಳ ಬಚ್ಚಲದಾಗ ಬಿದ್ದು ತಲಿ ಒಡಕೊಂಡಿದ್ದು?" ಎಂದಳು ಶಿವಗಂಗವ್ವ. ಅವಳ ಕೈಯಲ್ಲಿ ಚಹಾದ ಪಾತ್ರೆ ಹಾಗೇ ನಿಂತಿತ್ತು. "ಜಾರಿದೆ ಅಂದಿದ್ದಿ. ಅದೂ ಸುಳ್ಳೇನು?"

ಅವನು ಮೀಸೆ ಸವರಿಕೊಂಡ.

ಇಂದುಮತಿ ಅವನನ್ನು ಅಂದೇ ತಜ್ಞರಿಗೆ ತೋರಿಸಿದರು. ಹೃದಯದೊಳಗೆ ಬಡಿ ಎಂಬ ಆಜ್ಞೆಯನ್ನು ಒಯ್ಯುವ ತಂತು ಬಹಳ ಸವೆದಿದೆ, ಇನ್ನೊಮ್ಮೆ ನಿಂತರೆ ತಿರುಗಿ ಹೊರಡುತ್ತದೆಂದು ಹೇಳಲಾಗುವುದಿಲ್ಲ, ಪೇಸ್‌ಮೇಕರ್ ಹಾಕಿಸಬೇಕು ಎಂದರು ಅವರು. ಮಹಾರುದ್ರಪ್ಪ ಒಪ್ಪಲಿಲ್ಲ. ಇಂದುಮತಿಗೆ ಈಗ ಎಲ್ಲ ಸ್ಪಷ್ಟವಾಯಿತೆಂದು ತೋರಿತು. ಆಕೆ ಪೂಜೆಗೆ ಕುಳಿತಾಗ ಆಕೆಯ ಹೃದಯ ನಿಲ್ಲುತ್ತದೆ, ಅದರ ಸೆಳೆತಕ್ಕೆ ಇವನದೂ ನಿಲ್ಲುತ್ತದೆ. ಆಕೆಯದು ಗಟ್ಟಿ ಹೃದಯ, ತಾನಾಗಿ ಏಳುತ್ತದೆ. ಇವನದು ಹಳೆಯದು.

ಅವರು ಅದನ್ನು ಹಾಗೆಯೇ ನೀಲಾಂಬಿಕೆಗೆ ಹೇಳಿಬಿಟ್ಟರು. ಕೇಳಿದವಳು ನೆಲಕ್ಕೆ ಕೈ ಊರಿ ಕುಳಿತಳು.

"ನನ್ನ ಪೂಜಿಗೆ ಅವರು ದಿನಾ ಸತ್ತು ಸತ್ತು ಏಳ್ತಿದ್ರೇನು?" ಎಂದಳು.

ಮರುದಿನ ಆಕೆ ಪೂಜೆಗೆ ಕೂಡಲಿಲ್ಲ. ಪೂಜೆಯಿಲ್ಲದ ಮೇಲೆ ಅನ್ನವಿಲ್ಲ, ನೀರಿಲ್ಲ. ಆಶ್ರಮದ ಹೆಂಗಸರು ಸುತ್ತ ನಿಂತು ಬೇಡಿಕೊಂಡರು. ಎರಡನೆಯ ದಿನ ನಾಲಗೆ ಒಣಗಿ ಮಾತು ತೊದಲಿತು. ಆ ಎರಡು ದಿನವೂ ಆರಕ್ಕೆ ಎದೆ ಸುಮ್ಮನಾಗಿತ್ತು; ಸುಮ್ಮನೆ ಕೂತದ್ದಕ್ಕೆ ಮನಸ್ಸು ತಾನಾಗಿ ಲಿಂಗದ ಕಡೆಗೆ ಹೋಯಿತೆಂದುಕೊಂಡು, ಮೂರನೆಯ ಬೆಳಿಗ್ಗೆ ಆಕೆ ಅಡಿಗೆಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಸೊಪ್ಪಿನ ಬೆಲೆಗೆ ಜಗಳವಾಡುತ್ತಿದ್ದರು. ಗಡಿಯಾರ ಆರು ಹೊಡೆಯಿತು. ತುಸು ಹೊತ್ತಿನಲ್ಲಿ ಆಕೆಯ ಎದೆ ಸುಮ್ಮನಾಯಿತು.

ಅದೇ ಮೌನ. ಹದಿಮೂರು ವರ್ಷ ಬೆಳಿಗ್ಗೆ ಬೆಳಿಗ್ಗೆ ಆಕೆ ಶಿವನ ಪ್ರಸಾದವೆಂದು ಕಣ್ಣಿಗೊತ್ತಿಕೊಂಡದ್ದು. ಅಂಗೈಯಲ್ಲಿ ಲಿಂಗವಿರಲಿಲ್ಲ, ಮನಸ್ಸಿನಲ್ಲಿ ಮಂತ್ರವಿರಲಿಲ್ಲ, ಬೆರಳ ತುದಿಯಲ್ಲಿ ಒಂದು ಕಲ್ಲು ಇತ್ತು. ಆದರೂ ಬಂತು.

ಮೊರ ಕೆಳಗೆ ಬಿದ್ದು ಅಕ್ಕಿ ಚೆಲ್ಲಿತು. ಆಕೆ ಫೋನಿದ್ದ ಕಡೆಗೆ ಗೋಡೆ ಹಿಡಿದುಕೊಂಡು ಹೋದಳು.

ಆ ಹೊತ್ತಿಗೆ ಇಂದುಮತಿ ತಮ್ಮ ತಪ್ಪನ್ನು ತಾವೇ ಕಂಡುಕೊಂಡಿರಲಿಲ್ಲ. ಫೋನಿನಲ್ಲಿ ಆಕೆಯ ಮಾತು ಕೇಳಿದಾಗ ಅವರಿಗೆ ಅದು ಹೊಳೆಯಿತು. ಎರಡು ಹೃದಯಗಳನ್ನು ಒಂದೇ ಹೊತ್ತಿಗೆ, ಒಂದೇ ಗಡಿಯಾರಕ್ಕೆ ಕಟ್ಟಿ ಅವರು ಅಳೆದೇ ಇರಲಿಲ್ಲ. ಪೂಜೆ ಎಂದಮೇಲೆ ಅದೇ ಕಾರಣವೆಂದು ಮೊದಲೇ ನಿಶ್ಚಯ ಮಾಡಿಕೊಂಡಿದ್ದರು.

ಮರುದಿನ ಇಬ್ಬರನ್ನೂ ಕರೆಸಿದರು. ಮಹಾರುದ್ರಪ್ಪನ ಮಗ್ಗುಲಲ್ಲಿ ವೈದ್ಯರು ತಮ್ಮ ಸಲಕರಣೆಯೊಂದಿಗೆ ನಿಂತರು. ಗಂಡಹೆಂಡತಿ ಹದಿಮೂರು ವರ್ಷದ ಮೇಲೆ ಒಬ್ಬರನ್ನೊಬ್ಬರು ಕಂಡದ್ದು ಆ ಲೋಹದ ಬಾಗಿಲ ಮುಂದೆ.

"ಭಾಳ ಸೊರಗೀ ನೀಲಾ" ಎಂದ ಅವನು.

"ನೀವು ದಪ್ಪ ಆಗೀರಿ."

"ಗಂಗಾ ಹಾಕ್ತಾಳಲ್ಲ, ಎಮ್ಮಿಗೆ ಹಾಕಿದಂಗ."

ಅವನು ಒಂದು ಕೋಣೆಗೆ ಹೋದ, ಆಕೆ ಈಚೆಗೆ ತಗಡು ಹೊದಿಸಿದ್ದ ಇನ್ನೊಂದಕ್ಕೆ. ಪೂಜೆ ಮಾಡಬೇಡಿ, ಸುಮ್ಮನೆ ಕಿಟಕಿ ನೋಡುತ್ತಿರಿ ಎಂದು ಆಕೆಗೆ ಹೇಳಿದ್ದರು. ಪರದೆಯ ಮೇಲೆ ಎರಡು ಗೆರೆ ಒಂದರ ಕೆಳಗೊಂದು ಓಡಿದವು, ಮೇಲೆ ಅವನದು, ಕೆಳಗೆ ಆಕೆಯದು. ಆರು ಗಂಟೆಗೆ ಮಹಾರುದ್ರಪ್ಪ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಹಿಡಿದ. ಮೇಲಿನ ಗೆರೆ ಸಪಾಟಾಯಿತು. ಆಮೇಲೆ, ಕಣ್ಣರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ, ಕೆಳಗಿನದು. ಏಳುವಾಗಲೂ ಮೊದಲು ಮೇಲಿನದು, ಆಮೇಲೆ ಕೆಳಗಿನದು.

ಮಹಾರುದ್ರಪ್ಪನಿಗೆ ಮೌನ ಬರುತ್ತಿದ್ದುದು ನೀಲಾಂಬಿಕೆಯಿಂದಲ್ಲ. ಉಸಿರು ಬಿಟ್ಟು ಹಿಡಿದರೆ ಎಲ್ಲರ ಹೃದಯವೂ ತುಸು ನಿಧಾನವಾಗುತ್ತದೆ. ಇವನ ಸವೆದ ಹೃದಯ ನಿಂತೇ ಬಿಡುತ್ತಿತ್ತು. ಅದರ ನೆರಳು ಆಕೆಯ ಎದೆಯ ಮೇಲೆ ಬೀಳುತ್ತಿತ್ತು. ಆಕೆ ಕಳಿಸುತ್ತಾಳೆಂದು ಅವನು ಕಾದು ಕೂಡುತ್ತಿದ್ದ, ಶಿವ ಕೊಡುತ್ತಾನೆಂದು ಆಕೆ ಕಾದು ಕೂಡುತ್ತಿದ್ದಳು. ಕೊಡುತ್ತಿದ್ದುದು ಒಂದು ರೋಗ.

ಇಂದುಮತಿ ಇದನ್ನು ಇಬ್ಬರ ಎದುರಿಗೆ ಆದಷ್ಟು ಮೆತ್ತಗೆ ಹೇಳಿದರು. ಮೆತ್ತಗೆ ಹೇಳುವ ದಾರಿ ಅದಕ್ಕಿರಲಿಲ್ಲ.

ಮಹಾರುದ್ರಪ್ಪ ಮೊದಲು ಕೇಳಿದ್ದು, "ನಾ ಸತ್ರ ಅಕಿಗೆ ಏನರ ಆಗ್ತೈತೇನ್ರಿ?"

"ಆಗೂದಿಲ್ರಿ. ಅವರ ಹೃದಯ ತಾನಽ ಎತ್ತಿಕೊಳ್ತದ. ಹಿಂದ ಗದಗದ ಕಂಡಕ್ಟರ್ ಹುಡುಗನ್ನ ನೋಡೇವಿ."

"ಹಂಗಿದ್ರ ಆತು ಬಿಡ್ರಿ. ಪೇಸ್‌ಮೇಕರ್ ಮಾತು ಇನ್ನ ತೆಗೀಬ್ಯಾಡ್ರಿ. ಆ ಸುಮ್ಮನ ಆಗೂದು ನನ್ನದು ಅಂತ ಗೊತ್ತಾದ ಮ್ಯಾಲಂತೂ ಬಿಡಾಕ ಆಗೂದಿಲ್ಲ. ಮದುವಿಯಾಗಿ ಅಕಿಗೆ ಏನೂ ಕೊಡಾಕ ಆಗಿಲ್ಲ. ಇದೊಂದು ಇರ್ಲಿ."

ನೀಲಾಂಬಿಕೆ ಎದ್ದು ಹೊರಗೆ ಹೋದಳು. ಅಂಗಳದ ನಲ್ಲಿಯ ಹತ್ತಿರ ಆಕೆ ನಿಂತಿದ್ದನ್ನು ಇಂದುಮತಿ ಕಿಟಕಿಯಿಂದ ನೋಡಿದರು. ನಾಲ್ಕು ದಿನ ನೀರಿಲ್ಲದವಳು ನಲ್ಲಿ ತಿರುಗಿಸಿ ಕೈ ಒಡ್ಡಿ, ನೀರು ಬೆರಳ ಸಂದಿನಿಂದ ಹೋಗುವುದನ್ನು ನೋಡುತ್ತಿದ್ದಳು. ಕುಡಿಯಲಿಲ್ಲ. ಆಮೇಲೆ ನಲ್ಲಿಯನ್ನು ಗಟ್ಟಿಯಾಗಿ ಮುಚ್ಚಿ, ಕೈಕಾಲು ತೊಳೆದದ್ದೇ ಸಾಕೆಂಬಂತೆ, ಅಲ್ಲೇ ಕಟ್ಟೆಯ ಮೇಲೆ ವಿಭೂತಿ ಹಚ್ಚಿಕೊಂಡು ಕುಳಿತು ಪೂಜೆ ಮಾಡಿದಳು. ಬಿಸಿಲು ನೆತ್ತಿಗೆ ಬಂದಿತ್ತು. ಜವಾನ ಸೈಕಲ್ ತೊಳೆಯುತ್ತಿದ್ದ. ಪೂಜೆ ಮುಗಿದ ಮೇಲೆ ನೀರು ಕುಡಿದಳು.

ಸಂಜೆಗೆ ಆಕೆ ಹುಬ್ಬಳ್ಳಿಯ ಮನೆಯ ಬಾಗಿಲಲ್ಲಿದ್ದಳು.

"ಬಂದೆನ ವೈನಿ" ಎಂದು ಅತ್ತಿಗೆಯನ್ನು ಎದುರುಗೊಂಡಳು ಶಿವಗಂಗವ್ವ. "ಬಾ. ಅಂವಗ ಬುದ್ಧಿ ಹೇಳು. ನನ್ನ ಮಾತು ಅವಂಗ ಎಮ್ಮಿ ಒದರಿದಂಗ. ನನ್ನ ಗಂಡನ್ನ ಹಿಂಗಽ ಕಳಕೊಂಡೀನಿ, ಇವನ್ನೂ ಕಳಕೊಳ್ಳಾಕ ನನ್ನ ಕೈಲಿ ಆಗೂದಿಲ್ಲ." ಅಷ್ಟು ಹೇಳಿ, ಅಳು ಕಾಣಬಾರದೆಂದು ಕೊಡ ತೆಗೆದುಕೊಂಡು ಹೊರಗೆ ಹೋದಳು. ಕೊಡ ತುಂಬಿಯೇ ಇತ್ತು.

ಮಹಾರುದ್ರಪ್ಪ ಪಡಸಾಲೆಯಲ್ಲಿ ಕುಳಿತಿದ್ದ.

"ನಾ ಮನಿ ಬಿಟ್ಟು ಹೊಂಟಾಗ ನೀವು ಯಾಕ ತಡೀಲಿಲ್ಲ?" ಎಂದು ಆಕೆ ನಿಂತೇ ಕೇಳಿದಳು.

"ತಡದಿದ್ರ ನಿಲ್ತಿದ್ದಿ. ಅದಕ್ಕಽ ತಡೀಲಿಲ್ಲ."

"ಆವಾಗ ಬಿಟ್ಟು ಕೊಟ್ಟಿರಿ. ಈಗ ಯಾಕ ಹಿಡಕೊಂಡೀರಿ?"

"ನಾ ಎಲ್ಲಿ ಹಿಡಕೊಂಡೀನಿ?"

"ನನ್ನ ಪೂಜಿ ಹಿಡಕೊಂಡೀರಿ. ಹದಿಮೂರು ವರ್ಷ ನಾ ಯಾರ ಮುಂದ ಕುಂತಿದ್ದೆ, ಹೇಳ್ರಿ. ನಿಮ್ಮನ್ನ ಬಿಟ್ಟು ಹೋದ್ನೇನು ಅಂತ ನೋಡಿದ್ರ ಒಂದು ಹೆಜ್ಜಿನೂ ಹೋಗಿಲ್ಲ. ನೀವು ಬೇಕಂತ ಮಾಡಿಲ್ಲ, ಗೊತ್ತು. ಇನ್ನ ಮ್ಯಾಲೆ ಬೇಕಂತ ಮಾಡ್ತೀನಿ ಅಂತೀರಿ. ನಿಮ್ಮ ಜೀವಾ ಸುಟ್ಟು ನನಗ ದೀಪಾ ಹಚ್ಚತೀನಿ ಅಂತೀರಿ. ಆ ಬೆಳಕಿನ್ಯಾಗ ನನಗ ಲಿಂಗ ಕಾಣತೈತೇನು? ನಿಮ್ಮ ಹೆಣಾ ಕಾಣತೈತಿ."

ಅವನು ನೆಲ ನೋಡುತ್ತ ಕುಳಿತ. "ಅದು ಹೋದ್ರ ನಿನಗ ಏನು ಉಳೀತೈತಿ ನೀಲಾ?"

"ಗೊತ್ತಿಲ್ಲ."

ಆ ಮಾತು ಹೇಳುವಾಗ ಆಕೆಯ ದನಿ ನಡುಗಿತು. ಅವನ ಎದೆಯೂ ಅದೇ ಹೊತ್ತಿಗೆ ಹೊಡೆದುಕೊಂಡಿರಬೇಕು. ಅವನು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡ.

"ನಾಳಿಂದ ನಾ ಪೂಜಿಗೆ ಯಾವಾಗ ಕೂಡ್ತೀನಿ ಅಂತ ನಿಮಗ ತಿಳಿಯೂದಿಲ್ಲ" ಎಂದಳು ಆಕೆ. "ಒಂದಿನ ನಸುಕಿನ್ಯಾಗ, ಒಂದಿನ ಮಧ್ಯಾಹ್ನ. ಇವತ್ತ ಬಿಸಲಾಗ ಕುಂತಿದ್ದೆ. ಆರಕ್ಕ ನೀವು ಕುಂತ್ರ ನಾ ಆವಾಗ ಕಸಾ ಹೊಡೀತಿರ್ತೀನಿ. ನೀವು ಉಸುರು ಹಿಡದು ಸತ್ರ ನಾ ಕಸಬರಗಿ ಹಿಡಕೊಂಡು ನಿಂತಿರ್ತೀನಿ. ಅಷ್ಟಽ."

"ಹೇಳಬ್ಯಾಡ. ನನ್ನ ಎದಿಗೆ ತಿಳೀತೈತಿ."

"ತಿಳೀತೈತಿ ಅಂತಿದ್ರಲ್ಲ ಇಷ್ಟು ವರ್ಷ. ತಿಳಿದಿತ್ತೇನು?"

ಮಹಾರುದ್ರಪ್ಪ ನಗಲು ಹೋಗಿ ನಗಲಾರದೆ ಉಳಿದ. ಆಕೆ ಅವನೆದುರು ನೆಲದ ಮೇಲೆ ಕುಳಿತಳು.

"ಅವತ್ತ ನೀವು ನನ್ನ ತಡೀಲಿಲ್ಲ. ಅದು ನಿಮ್ಮ ದೊಡ್ಡತನ. ನನಗ ಅಷ್ಟು ದೊಡ್ಡತನ ಇಲ್ರಿ. ನಾ ನಿಮ್ಮನ್ನ ತಡೀತೀನಿ."

ಹೊರಗೆ ಶಿವಗಂಗವ್ವ ತುಂಬಿದ ಕೊಡದ ನೀರನ್ನು ಕರಿಬೇವಿಗೆ ಹುಯ್ಯುವ ಸದ್ದು ಕೇಳಿಸಿತು. ಅದು ನಿಂತಿತು. ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.

"ಆತು" ಎಂದ ಮಹಾರುದ್ರಪ್ಪ. "ಹಾಕಿಸ್ಕೋತೀನಿ."

ಪೇಸ್‌ಮೇಕರ್ ಹಾಕಿದ ದಿನ ನೀಲಾಂಬಿಕೆ ಆಸ್ಪತ್ರೆಯ ಹಜಾರದಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು. ಮುಗಿಯಿತೆಂದು ಯಾರೂ ಬಂದು ಹೇಳಬೇಕಾಗಲಿಲ್ಲ. ಆಕೆಯ ಎದೆಗೆ ಒಂದು ಹೊಸ ಹೊಡೆತ ಬಂತು. ಮುನಿಸಿಲ್ಲದ್ದು, ನಗುವಿಲ್ಲದ್ದು, ಗಡಿಯಾರದ ಮುಳ್ಳಿನಂತೆ ಒಂದೇ ಸಮನೆ. ಇದು ಅವರದಲ್ಲ ಎಂದು ಒಂದು ಕ್ಷಣ ಭಯದಿಂದ ಎದ್ದು ನಿಂತಳು. ಆಮೇಲೆ ತಿಳಿದು ಕುಳಿತಳು.

ಆಕೆ ಆಶ್ರಮಕ್ಕೆ ಹಿಂದಿರುಗಿದಳು. ಹುಬ್ಬಳ್ಳಿಯಲ್ಲಿ ಉಳಿಯೆಂದು ಅವನು ಕೇಳಲಿಲ್ಲ. ಬಂದುಹೋಗುವುದಕ್ಕೆ ಏನು, ಬಸ್ಸಿದೆ ಎಂದು ಶಿವಗಂಗವ್ವ ಮಾತ್ರ ಎರಡು ಸಲ ಹೇಳಿದಳು. ಆಕೆ ತಿಂಗಳಿಗೊಮ್ಮೆ ಬಂದು ಹೋಗತೊಡಗಿದಳು.

ಮೌನ ಮತ್ತೆ ಬರಲಿಲ್ಲ. ನಸುಕಿನಲ್ಲಿ ಕುಳಿತಳು, ಮಧ್ಯಾಹ್ನ ಕುಳಿತಳು. ಎದೆಯಲ್ಲಿ ಯಂತ್ರ ಹೊಡೆಯುತ್ತಲೇ ಇತ್ತು. ಅಡಿಗೆಮನೆಯ ಜಗಳ ಕಿವಿಗೆ ಬೀಳುತ್ತಿತ್ತು. ಕಾಲು ಜೋಮು ಹಿಡಿಯುತ್ತಿತ್ತು. ದೂರ ಕುಳಿತು ಕೈಮುಗಿಯುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನೋಡಲು ಅಲ್ಲಿ ಈಗ ಏನೂ ಇರಲಿಲ್ಲ, ಒಬ್ಬ ಮುದುಕಿ ಕೂತು ಆಕಳಿಸುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಆಕೆಯೇ ಸಂಶೋಧನಾಲಯಕ್ಕೆ ಬಂದಳು. ಒಮ್ಮೆ ಆ ಕುರ್ಚಿಯಲ್ಲಿ ಕುಳಿತು ಪೂಜೆ ಮಾಡುತ್ತೇನೆ, ನೋಡಿ ಎಂದಳು. ಇಂದುಮತಿ ನೋಡಿದರು. ಗೆರೆ ಒಂದು ಸಲವೂ ಸಪಾಟಾಗಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಹದ ತಪ್ಪುತ್ತಿತ್ತು. ಅದರ ಕೆಳಗೆ ಅವನ ಯಂತ್ರದ ನೆರಳು ಎಡೆಬಿಡದೆ ಸಾಗಿತ್ತು.

ಬಹಳ ಹೊತ್ತಾದ ಮೇಲೆ ಇಂದುಮತಿ ಒಳಗೆ ಹೋದರು. "ಬಂತೇನ್ರಿ ಅಕ್ಕಾರ?"

"ಇಲ್ಲ."

ತಾವು ಈ ಅಳೆಯುವ ಯಂತ್ರವನ್ನು ಕಟ್ಟದೇ ಇದ್ದಿದ್ದರೆ ಎಂಬ ಯೋಚನೆ ಇಂದುಮತಿಯನ್ನು ಆ ತಿಂಗಳುಗಳಲ್ಲಿ ಬಿಟ್ಟಿರಲಿಲ್ಲ. ಕಟ್ಟದಿದ್ದರೆ ಅವನು ಸತ್ತಿರುತ್ತಿದ್ದ. ಅವನು ಸಾಯುವ ಬೆಳಿಗ್ಗೆಯೂ ಈಕೆ ಆ ಮೌನವನ್ನು ಶಿವನ ಪ್ರಸಾದವೆಂದೇ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

"ಆ ಹೊಡತ ಭಾಳ ತ್ರಾಸ ಕೊಡ್ತದೇನ್ರಿ?"

"ಕೊಡ್ತೈತಿ. ಮಂತ್ರ ಅನ್ನಾಕ ಹೋದ್ರ ನಡುವ ಬಂದು ಬಡೀತೈತಿ." ಆಕೆ ಎದೆಯ ಮೇಲೆ ಬಲಗೈ ಇಟ್ಟು ಸ್ವಲ್ಪ ಹೊತ್ತು ಆಲಿಸಿದಳು. "ಬಡೀಲಿ ಬಿಡ್ರಿ. ಅದು ಬಡಿಯೂ ತನಕಾ ಅವರು ಅದಾರ."

"ಮತ್ತ ಪೂಜೆ?"

"ಪೂಜಿ ಇನ್ನ ಮುಗಿದಿಲ್ಲ. ನೀವು ನಡುವ ಬಂದ್ರಿ. ಇಷ್ಟು ವರ್ಷ ಅದು ಬರ್ತಿತ್ತು, ನಾ ಎದ್ದು ಹೋಗ್ತಿದ್ದೆ. ಈಗ ಬರೂದಿಲ್ಲ, ನಾ ಕೂಡ್ತೀನಿ. ಬಾಗಲಾ ಮುಚ್ಚಕೊಂಡು ಹೋಗ್ರಿ."

ಇಂದುಮತಿ ಹೊರಗೆ ಬಂದು ಗಾಜಿನ ಮುಂದೆ ನಿಂತರು. ಒಳಗೆ ನೀಲಾಂಬಿಕೆ ಲಿಂಗವನ್ನು ಅಂಗೈಗೆ ತೆಗೆದುಕೊಂಡು ದಿಟ್ಟಿಸಿದಳು. ಒಂದೊಂದು ಬಡಿತಕ್ಕೂ ಅಂಗೈ ತುಸುವೇ ಅಲುಗುತ್ತಿತ್ತು, ಅದರ ಮೇಲಿನ ಲಿಂಗವೂ ಅಲುಗುತ್ತಿತ್ತು. ಅದನ್ನು ಅಲುಗಿಸುತ್ತಿದ್ದುದು ಆಕೆಯ ಹೃದಯವೋ ಹುಬ್ಬಳ್ಳಿಯ ಹಿತ್ತಲಲ್ಲಿ ಚಹಾ ಕುಡಿಯುತ್ತಿದ್ದವನದೋ ಎಂದು ಪರದೆ ಹೇಳಬಲ್ಲದಾಗಿತ್ತು. ಇಂದುಮತಿ ಕೈ ನೀಡಿ ಪರದೆಯನ್ನು ಆರಿಸಿದರು.